ವಹಾಕಾದ ಸಂತೆಗಳು: ಸಸ್ಯಾಹಾರಿ ಜೊತೆಗಿದ್ದರೆ ಯಾವ ದಿನ ಎಲ್ಲಿ, ಏನು ಕೇಳಿ ತಿನ್ನಬೇಕು?

ತುಂಗಾತೀರ (ಪ್ರಶ್ನೆ)

ಜುಲೈ ಕೊನೆಯ ವಾರ ಮೆಕ್ಸಿಕೋದ ವಹಾಕಾ ಊರಿಗೆ ಎಂಟು ದಿನದ ಪ್ರವಾಸ. ಇಬ್ಬರು. ಒಬ್ಬರಿಗೆ ದನದ ಮಾಂಸ ಬಿಟ್ಟು ಮಿಕ್ಕದ್ದೆಲ್ಲ ಆಗುತ್ತೆ. ಇನ್ನೊಬ್ಬರು ಸಸ್ಯಾಹಾರಿ. ಹಾಲು, ಚೀಸ್ ಸರಿ, ಬ್ರೆಡ್ಡಿನೊಳಗಿನ ಮೊಟ್ಟೆಗೂ ತಕರಾರಿಲ್ಲ. ಮಾಂಸದ ಸಾರು, ಕೊಬ್ಬು ಮಾತ್ರ ಖಂಡಿತ ಬೇಡ. ಸ್ಪ್ಯಾನಿಷ್ ಹತ್ತರವರೆಗೆ ಎಣಿಸುವಷ್ಟು ಬರುತ್ತೆ.

ಪ್ರವಾಸಿಗರಿಗೆಂದೇ ಇರುವ ಹೋಟೆಲುಗಳಲ್ಲಿ ಸಸ್ಯಾಹಾರ ಸಿಗುತ್ತೆ ಅಂತ ಗೊತ್ತು. ಅದು ಬೇಡ, ಸಂತೆ ಮತ್ತು ಮಾರುಕಟ್ಟೆಯಲ್ಲೇ ತಿನ್ನಬೇಕು. ಸುತ್ತಲಿನ ಊರುಗಳ ವಾರದ ಸಂತೆಗಳಲ್ಲಿ ಯಾವುದಕ್ಕೆ ಯಾವ ದಿನ ಹೋಗಬೇಕು? ಮೋಲೆ ಅನ್ನುವ ಗೊಜ್ಜು ಸಸ್ಯಾಹಾರಿಗೆ ಸಿಗುವುದುಂಟಾ? ಹೊಟ್ಟೆ ಕೆಡದ ಹಾಗೆ ಬೀದಿಯಲ್ಲಿ ತಿನ್ನುವ ದಾರಿ ಯಾವುದು?

ಗುಡ್ಡೆಲೆಕ್ಕ

ಮೊದಲು ಸಂತೆ ದಿನ ಹೇಳ್ತೀನಿ, ಯಾಕಂದ್ರೆ ಎಂಟು ದಿನವನ್ನ ಅದರ ಸುತ್ತವೇ ಹೊಂದಿಸಬೇಕು. ಕಣಿವೆಯ ಊರುಗಳಿಗೆ ಒಂದೊಂದು ವಾರ ನಿಗದಿ. ಬುಧವಾರ ಎತ್ಲಾ, ಗುರುವಾರ ಸಾಚಿಲಾ, ಶುಕ್ರವಾರ ಒಕೊತ್ಲಾನ್, ಭಾನುವಾರ ತ್ಲಾಕೊಲುಲಾ. ಶನಿವಾರ ವಹಾಕಾ ಊರೊಳಗಿನ ಸೆಂತ್ರಾಲ್ ದೆ ಅಬಾಸ್ತೊಸ್. ಇದು ದಿನವೂ ತೆರೆದಿರುತ್ತೆ, ಆದರೆ ಶನಿವಾರ ಹಳ್ಳಿಗಳಿಂದ ಮಾಲು ಬಂದು ಎರಡರಷ್ಟಾಗುತ್ತೆ. ಅಲ್ಲಿನವರು ಬಯಲು ಸಂತೆಗೆ ತ್ಯಾಂಗಿಸ್ ಅಂತಾರೆ. ಸ್ಪ್ಯಾನಿಷರು ಬರೋದಕ್ಕಿಂತ ಮುಂಚಿನ ನಹುವಾತ್ಲ್ ಭಾಷೆಯ ಪದ ಅದು, ವಾರದ ಸಂತೆಯೂ ಅಷ್ಟೇ ಹಳೆಯದು.

ಒಂದೇ ಸಂತೆಗೆ ಹೋಗೋಕೆ ಆಗೋದು ಅಂದ್ರೆ ತ್ಲಾಕೊಲುಲಾ ನೋಡಿ. ಊರಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ., ಒಂದು ಗಂಟೆ ಇಟ್ಟುಕೊಳ್ಳಿ. ಬೇಸ್‌ಬಾಲ್ ಸ್ಟೇಡಿಯಂ ಹತ್ತಿರ 190ನೇ ಹೆದ್ದಾರಿಯಲ್ಲಿ ನಿಂತರೆ ಮಿತ್ಲಾ ಕಡೆ ಹೋಗುವ ಬಸ್ಸು, ಕೊಲೆಕ್ತೀವೊ ಎರಡೂ ಸಿಗುತ್ತವೆ. ಕೊಲೆಕ್ತೀವೊ ಅಂದ್ರೆ ನಮ್ಮ ಶೇರ್ ಟ್ಯಾಕ್ಸಿನೇ: ಕೆಂಗಂದು ಬಣ್ಣದ ಕಾರು, ಗಾಜಿನ ಮೇಲೆ ಊರ ಹೆಸರು, ಸೀಟು ತುಂಬಿದ ಮೇಲೆ ಹೊರಡುತ್ತೆ. ಮುಂದಿನ ಸೀಟಿಗೂ ಇಬ್ಬರನ್ನ ಕೂರಿಸ್ತಾರೆ, ಆಶ್ಚರ್ಯಪಡಬೇಡಿ. ಎತ್ಲಾ, ಸಾಚಿಲಾ, ಒಕೊತ್ಲಾನ್ ಕಡೆಯವು ಸೆಂತ್ರಾಲ್ ದೆ ಅಬಾಸ್ತೊಸ್ ಸುತ್ತಮುತ್ತ ಹೊರಡುತ್ತವೆ.

ಬೆಳಿಗ್ಗೆ 9ರಿಂದ 12ರೊಳಗೆ ಮುಗಿಸಿ. ಜುಲೈ ಮಳೆಗಾಲ, ಮಧ್ಯಾಹ್ನದ ಮೇಲೆ ಸುರಿದರೆ ಟಾರ್ಪಾಲಿನ ಅಂಚಿನಿಂದ ನೀರು ನೇರ ಕತ್ತಿನ ಮೇಲೆ. ಇನ್ನೊಂದು, ಸಾಮಾನ್ಯವಾಗಿ ಜುಲೈ ಕೊನೆಯ ಎರಡು ಸೋಮವಾರ ಗೆಲಗೆತ್ಸಾ ಹಬ್ಬ. ಊರು ಕಿಕ್ಕಿರಿದಿರುತ್ತೆ, ರೂಮು ಈಗಲೇ ಹಿಡಿಯಿರಿ. ಸೋಮವಾರ ಯಾವ ಸಂತೆಯ ಯೋಜನೆಯೂ ಬೇಡ.

ದುಡ್ಡು ನಗದೇ. 500 ಪೆಸೊ ನೋಟು ಕೊಟ್ಟರೆ ಸೊಪ್ಪಿನ ಅಜ್ಜಿ ಚಿಲ್ಲರೆಗೆ ಅಕ್ಕಪಕ್ಕ ಓಡಬೇಕಾಗುತ್ತೆ. 20, 50ರ ಚಿಲ್ಲರೆ ಇಟ್ಟುಕೊಳ್ಳಿ. ಹಣ್ಣು, ಮೆಣಸಿನಕಾಯಿ ಗುಡ್ಡೆ ಲೆಕ್ಕದಲ್ಲಿ ಇರುತ್ತೆ, ಗುಡ್ಡೆಗೆ ಮೊಂತೋನ್ ಅಂತಾರೆ. ತೂಕದ್ದಾದರೆ 'ಉನ್ ಕ್ವಾರ್ತೊ' ಅಂದರೆ ಕಾಲು ಕಿಲೊ. ತಿನ್ನುವ ವಸ್ತುವಿಗೆ ಚೌಕಾಸಿ ಮಾಡೋದು ಚೆನ್ನಾಗಿ ಕಾಣಲ್ಲ. ಆದರೆ ಕೊಸರು ಉಂಟು, ಹೆಸರು ಪಿಲೋನ್. ನಗುತ್ತಾ ಕೇಳಿದರೆ ಒಂದೆರಡು ಹೆಚ್ಚು ಹಾಕ್ತಾರೆ. ಫೋಟೊಗೆ ಮೊದಲು ಕೇಳಿ, ಮುಖ ತಿರುಗಿಸಿದರೆ ಅದೇ ಉತ್ತರ.

ಮಲ್ಲೇಶ್ವರಂ_18

ಸಸ್ಯಾಹಾರಕ್ಕೆ ಇಷ್ಟೆಲ್ಲ ಯೋಚನೆ ಬೇಡ. 'ಸಿನ್ ಕಾರ್ನೆ' ಅಂದ್ರೆ ಮಾಂಸ ಇಲ್ಲದ್ದು. ಅಷ್ಟು ಹೇಳಿದರೆ ಸಾಕು, ಕೊಡ್ತಾರೆ.

ಕಡಗೋಲು

ಮಲ್ಲೇಶ್ವರಂ ಅವರೇ, ಅಷ್ಟು ಹೇಳಿದರೆ ಕೋಳಿ ಬರುತ್ತೆ. ಅಲ್ಲಿ 'ಕಾರ್ನೆ' ಅಂದ ಕೂಡಲೇ ಮನಸ್ಸಿಗೆ ಬರೋದು ದನ, ಹಂದಿ. ಕೋಳಿ ಪೋಯೊ, ಮೀನು ಪೆಸ್ಕಾದೊ, ಅವೆರಡೂ ಬೇರೆ ಲೆಕ್ಕ. ಮೋಸ ಮಾಡ್ತಾರೆ ಅಂತಲ್ಲ, ಪದದ ವ್ಯಾಪ್ತಿಯೇ ಹಾಗೆ.

ತುಂಗಾತೀರ ಅವರೇ, ವಹಾಕಾದಲ್ಲಿ ಮಾಂಸದ ತುಂಡು ನಿಮಗೆ ಸಮಸ್ಯೆಯೇ ಅಲ್ಲ, ಅದು ಕಣ್ಣಿಗೆ ಕಾಣುತ್ತೆ. ಕಾಣದೆ ಒಳಗೆ ಸೇರಿಕೊಳ್ಳೋದು ಮೂರು. ಮಾಂತೆಕಾ ಅಂದರೆ ಹಂದಿ ಕೊಬ್ಬು. ಅಸಿಯೆಂತೊ ಅಂದರೆ ಹಂದಿ ಚರ್ಮ ಹುರಿದಾಗ ಪಾತ್ರೆಯ ತಳದಲ್ಲಿ ಉಳಿಯುವ ಕಂದು ಗಷ್ಟು, ಅದನ್ನು ತುಪ್ಪ ಸವರಿದ ಹಾಗೆ ಸವರ್ತಾರೆ. ಕಾಲ್ದೊ ದೆ ಪೋಯೊ ಅಂದರೆ ಕೋಳಿ ಸಾರು. 'ನಾನು ಸಸ್ಯಾಹಾರಿ' ಅನ್ನೋದಕ್ಕಿಂತ ಈ ಮೂರರ ಹೆಸರು ಹಿಡಿದು ಕೇಳಿ. ಸಸ್ಯಾಹಾರಿ ಅಂದಾಗ ಅಡುಗೆಯವರು ತಟ್ಟೆಯ ಮೇಲಿನ ಮಾಂಸ ತೆಗೆಯೋ ಬಗ್ಗೆ ಯೋಚಿಸ್ತಾರೆ. ಮಾಂತೆಕಾ ಅಂದಾಗ ಬಾಣಲೆ ನೆನಪಾಗುತ್ತೆ.

ಕೇಳುವ ಮಾತು: 'ಯೇವಾ ಮಾಂತೆಕಾ?' ಅಂದರೆ ಕೊಬ್ಬು ಹಾಕಿದೆಯಾ. 'ಯೇವಾ ಕಾಲ್ದೊ ದೆ ಪೋಯೊ?' ಅಂದರೆ ಕೋಳಿ ಸಾರು ಇದೆಯಾ. 'ಸಿನ್ ಅಸಿಯೆಂತೊ, ಪೋರ್ ಫಾವೋರ್' ಅಂದರೆ ಅಸಿಯೆಂತೊ ಸವರಬೇಡಿ. ಉತ್ತರ 'ಮಾಂತೆಕಾ ವೆಹೆತಾಲ್' ಅಂತ ಬಂದರೆ ಅದು ವನಸ್ಪತಿ, ತೊಂದರೆಯಿಲ್ಲ.

ಇನ್ನು ಒಂದೊಂದೇ ತಿಂಡಿ.

ಮೆಮೆಲಾ: ಅಂಗೈಯಗಲದ ದಪ್ಪ ರೊಟ್ಟಿ, ಅಂಚು ಚಿವುಟಿ ಎತ್ತಿರ್ತಾರೆ, ಮೇಲೆ ಕಪ್ಪು ಬೀನ್ಸ್ ಗೊಜ್ಜು, ಚೀಸ್. ಬೆಳಗಿನ ತಿಂಡಿ. ಮೊದಲ ಪದರವೇ ಅಸಿಯೆಂತೊ, ಆದ್ದರಿಂದ ಹಿಟ್ಟು ಕಾವಲಿಗೆ ಬೀಳುವಾಗಲೇ ಹೇಳಿ. ಸವರಿದ ಮೇಲೆ ಹೇಳಿದರೆ ಚಾಕುವಿನಲ್ಲಿ ಕೆರೆದು ಕೊಡ್ತಾರೆ.

ತ್ಲಯೂಡಾ: 30 ಸೆಂ.ಮೀ. ಅಥವಾ ಅದಕ್ಕೂ ಅಗಲದ, ಅರೆ ಒಣಗಿಸಿದ ರೊಟ್ಟಿ, ಕೆಂಡದ ಮೇಲೆ ಗರಿಗರಿ ಆಗುತ್ತೆ. ರಾತ್ರಿ 8ರ ನಂತರದ ಊಟ, ಮಧ್ಯಾಹ್ನ ಹುಡುಕಬೇಡಿ. ಇದಕ್ಕೂ ಅಸಿಯೆಂತೊ. ಬೀನ್ಸ್ ಗೊಜ್ಜಿಗೆ ಮಾಂತೆಕಾ ಇದೆಯಾ ಅಂತ ಪ್ರತ್ಯೇಕ ಕೇಳಬೇಕು. ಇದ್ದರೆ ಕೆಸೀಯೊ ಚೀಸ್, ಬೆಣ್ಣೆಹಣ್ಣು, ಟೊಮ್ಯಾಟೊ ಮಾತ್ರ ಹಾಕಿಸಿಕೊಳ್ಳಿ. ಆ ಬೀನ್ಸ್‌ಗೆ ಬೆಣ್ಣೆಹಣ್ಣಿನ ಮರದ ಎಲೆ ಹುರಿದು ಹಾಕಿರ್ತಾರೆ, ಸೋಂಪಿನ ಘಮ ಬರೋದು ಅದರಿಂದಲೇ.

ತಮಾಲ್: ಹೊರಗಿಂದ ನೋಡಿದರೆ ನಮ್ಮ ಅರಿಸಿನ ಎಲೆ ಕಡುಬು. ಒಳಗೆ ಬೀನ್ಸ್ ಇರಲಿ, ಚೆಪಿಲ್ ಸೊಪ್ಪಿರಲಿ, ಹಿಟ್ಟನ್ನೇ ಮಾಂತೆಕಾದಲ್ಲಿ ನಾದಿರ್ತಾರೆ, ಸಿಹಿಯದ್ದೂ ಹಲವು ಸಲ ಹಾಗೇ. ಇದನ್ನ ಇಲ್ಲ ಅಂತಲೇ ಇಟ್ಟುಕೊಳ್ಳಿ. ಕೆಂಪು ಅನ್ನ, ಅಂದರೆ ಟೊಮ್ಯಾಟೊ ಅನ್ನ, ಕೋಳಿ ಸಾರಿನ ಕ್ಯೂಬ್ ಇಲ್ಲದೆ ಆಗೋದು ಅಪರೂಪ.

ಸೋಪಾ ದೆ ಗೀಯಾಸ್: ಜುಲೈನಲ್ಲಿ ಹೋಗೋರಿಗೆ ಇದೇ ಬಹುಮಾನ. ಎಳೆ ಮೆಕ್ಕೆಜೋಳದ ತೆನೆ, ಕುಂಬಳದ ಕುಡಿ, ಹೂ, ಪಿಂದೆ, ಚೆಪಿಲ್ ಸೊಪ್ಪು ಹಾಕಿ ಬರೀ ನೀರಲ್ಲಿ ಕುದಿಸುವ ಸಾರು. ಆದರೆ ಅದರಲ್ಲಿ ತೇಲುವ ಗುಳಿ ಬಿದ್ದ ಹಿಟ್ಟಿನ ಉಂಡೆಗಳಿಗೆ ಚೊಚೊಯೋತೆ ಅಂತ ಹೆಸರು, ಅವುಗಳಲ್ಲಿ ಕೊಬ್ಬಿರುತ್ತೆ. 'ಸಿನ್ ಚೊಚೊಯೋತೆಸ್' ಅಂದರೂ ಅದೇ ಪಾತ್ರೆಯಲ್ಲಿ ಬೆಂದಿದ್ದರೆ ಪ್ರಯೋಜನವಿಲ್ಲ, ಅದನ್ನೂ ಕೇಳಿ.

ಮೋಲೆ (ಮೋ ದೀರ್ಘ, ಎಳೆದೇ ಹೇಳಿ, ಕನ್ನಡದ ಕಿವಿಗಳಿರುವ ಕಡೆ ಇನ್ನೂ ಎಳೆಯಿರಿ): ವಹಾಕಾದ್ದು ಏಳು ಬಗೆ ಅಂತ ಎಣಿಸ್ತಾರೆ. ನೇಗ್ರೊ, ರೋಹೊ, ಕೊಲೊರದೀತೊ, ಅಮರೀಯೊ, ವೆರ್ದೆ, ಚಿಚೀಲೊ, ಮಂಚಮಂತೇಲೆಸ್. ಊಟದ ಮನೆಯಲ್ಲಿ ಬಡಿಸುವ ಮೋಲೆಯನ್ನ ಕೋಳಿ ಸಾರಲ್ಲೇ ತೆಳು ಮಾಡಿರ್ತಾರೆ, ಕೋಳಿ ತುಂಡು ಬೇಡ ಅಂದರೂ ಗೊಜ್ಜು ಅದೇ. ಚಿಚೀಲೊ ಅಂತೂ ದನದ ಸಾರಿನದ್ದು, ಇಬ್ಬರಿಗೂ ಆಗಲ್ಲ. ಸಸ್ಯಾಹಾರಿಗೆ ಮೋಲೆ ಬೇಕಾದರೆ ಮಾರುಕಟ್ಟೆಯಲ್ಲಿ ಗಟ್ಟಿ ಪೇಸ್ಟ್ ಕೊಂಡು ಅಡುಗೆಮನೆ ಇರುವ ರೂಮಲ್ಲಿ ತಾವೇ ಕುದಿಸೋದು ನಂಬಿಕೆಯ ದಾರಿ. ಸಾರು ಸೇರೋದು ತೆಳು ಮಾಡುವಾಗ ತಾನೆ, ಪೇಸ್ಟಿನಲ್ಲಿ ಕೊಬ್ಬು ಯಾವುದು ಅಂತ ಮಾತ್ರ ಕೇಳಿ.

ಮಾಂಸ ತಿನ್ನುವವರಿಗೆ ಒಂದು ಎಚ್ಚರಿಕೆ. ವೇಂತೆ ದೆ ನೊವಿಯೆಂಬ್ರೆ ಮಾರುಕಟ್ಟೆಯ ಹೊಗೆ ಓಣಿಯಲ್ಲಿ ಹಸಿ ಮಾಂಸ ತೂಗಿಸಿದರೆ ಅಲ್ಲೇ ಕೆಂಡದ ಮೇಲೆ ಸುಟ್ಟುಕೊಡ್ತಾರೆ. ತಸಾಹೊ ದನದ್ದು. ಸೆಸೀನಾ, ಇಲ್ಲಿ, ಮೆಣಸಿನಕಾಯಿ ಖಾರ ಸವರಿದ ಹಂದಿ. ಮೆಕ್ಸಿಕೋದ ಬೇರೆ ಕಡೆ ಹೆಚ್ಚಾಗಿ ಅದೇ ಹೆಸರು ಉಪ್ಪು ಹಚ್ಚಿದ ದನದ ಮಾಂಸಕ್ಕೆ. ಒಬ್ಬರಿಗೆ ಕಾಲು ಕಿಲೊ ಧಾರಾಳ. ರೊಟ್ಟಿ, ಈರುಳ್ಳಿ, ಸಾಲ್ಸಾ ಬೇರೆ ಬೇರೆಯವರು ತಂದಿಡ್ತಾರೆ, ಲೆಕ್ಕವೂ ಬೇರೆ ಬೇರೆ, ಆಮೇಲೆ ಜಗಳ ಬೇಡ. ತ್ಲಾಕೊಲುಲಾದ ಬರ್ಬಕೋವಾ, ಅಂದರೆ ಗುಂಡಿಯಲ್ಲಿ ಬೇಯಿಸಿದ ಮಾಂಸ, ಆಡು ಅಥವಾ ಕುರಿಯದ್ದು.

ಕೊನೆಗೆ ಮಿಡತೆ. ಚಪುಲೀನೆಸ್ ಬುಟ್ಟಿಯಲ್ಲಿ ಕಂಡರೆ ದೂರ ಸರಿಯಬಹುದು, ಆದರೆ ಗ್ವಾಕಮೋಲೆ ಮೇಲೆ ಉದುರಿಸಿ ತಂದಿಟ್ಟರೆ ಏನು ಮಾಡ್ತೀರಿ? ಆರ್ಡರ್ ಕೊಡುವಾಗಲೇ ಬೇಡ ಅನ್ನಿ. ಕಿತ್ತಳೆ ಹೋಳಿನ ಮೇಲಿನ ಕೆಂಪು ಉಪ್ಪು ಬರೀ ಖಾರದುಪ್ಪಲ್ಲ, ಸಾಲ್ ದೆ ಗುಸಾನೊ: ಭೂತಾಳೆಯ ಹುಳು ಒಣಗಿಸಿ ಅರೆದದ್ದು. ಮಳೆಗಾಲದ ಸಾಲ್ಸಾಗಳಲ್ಲಿ ಚಿಕತಾನಾ ಅಂದರೆ ರೆಕ್ಕೆ ಇರುವೆಯೂ ಇರಬಹುದು.

ಜ್ವಾಳದರೊಟ್ಟಿ

ರೊಟ್ಟಿ ಬಗ್ಗೆ ಯಾರೂ ಬಿಡಿಸಿ ಹೇಳ್ಲಿಲ್ಲ ನೋಡ್ರಿ. ಅಲ್ಲೀದು ಮೆಕ್ಕೆಜೋಳದ್ದು, ಖರೆ, ಆದ್ರ ಒಣ ಕಾಳು ಬೀಸಿ ಮಾಡಿದ ಹಿಟ್ಟಲ್ಲ. ಕಾಳನ್ನ ಸುಣ್ಣದ ನೀರಾಗ ಬೇಯಿಸಿ, ನೆನೆಹಾಕಿ, ಹಸಿ ಇದ್ದಾಗನ ಅರೀತಾರ. ಅದಕ್ಕ ನಿಸ್ತಮಾಲ್ ಅಂತಾರ. ನಾವು ಎಲಿಗೆ ಹಚ್ಚೋ ಜಾತಿ ಸುಣ್ಣನ ಅದು.

ಲೆಕ್ಕ ಹಿಂಗೈತ್ರಿ: 1 ಕಿಲೊ ಒಣ ಮೆಕ್ಕೆಜೋಳ, 3 ಲೀಟರ್ ನೀರು, 10 ಗ್ರಾಂ ತಿನ್ನೋ ಸುಣ್ಣದ ಪುಡಿ. ಸಣ್ಣ ಉರಿಯಾಗ 30-40 ನಿಮಿಷ. ಕಾಳು ಬೆರಳಾಗ ತಿಕ್ಕಿದ್ರ ಸಿಪ್ಪಿ ಜಾರಬೇಕು, ಒಳಗ ಇನ್ನೂ ಗಟ್ಟಿ ಇರಬೇಕು. ಇಳಿಸಿ, ಮುಚ್ಚಿ 8ರಿಂದ 12 ತಾಸು ಬಿಡ್ರಿ. ಎರಡು ಮೂರು ಸಲ ತೊಳದು ಅರೀರಿ. ಅಲ್ಯೂಮಿನಿಯಂ ಪಾತ್ರಿ ಬ್ಯಾಡ, ಸುಣ್ಣ ಅದನ್ನ ತಿಂತೈತಿ. ಸುಣ್ಣ ಕಡಿಮಿ ಆತು ಅಂದ್ರ ಸಿಪ್ಪಿ ಬಿಡೂದಿಲ್ಲ, ಹಿಟ್ಟು ಕೂಡೂದಿಲ್ಲ. ಹೆಚ್ಚಾತು ಅಂದ್ರ ಸಾಬೂನಿನ ರುಚಿ. ಭಾಳ ಬೇಯಿಸಿದ್ರ ಅಂಟು ಅಂಟು. ಡಬ್ಬಿಯ ಒದ್ದೆ ಸುಣ್ಣದಾಗ ನೀರೆಷ್ಟು ಅಂತ ಗೊತ್ತಾಗೂದಿಲ್ಲ, ಅದರಾಗ ಅಳತಿ ಹಿಡಿಯೂದು ಕಷ್ಟ, ಪುಡೀನ ತರ್ರಿ.

ಜ್ವಾಳದ ಹಿಟ್ಟಿಗೆ ನಾವು ಎಸರು ಹಾಕೂದ್ಯಾಕ? ಬಿಸಿ ನೀರಿಗೆ ಹಿಟ್ಟು ಜಿಗಿ ಹಿಡೀಲಿ ಅಂತ. ಮೆಕ್ಕೆಜೋಳಕ್ಕ ಆ ಕೆಲಸ ಸುಣ್ಣ ಮಾಡ್ತೈತಿ. ಇನ್ನೊಂದು ಲಾಭ: ಕಾಳಿನಾಗ ಕಟ್ಟಿಬಿದ್ದ ನಿಯಾಸಿನ್ ಅನ್ನೋ ವಿಟಮಿನ್ ಸುಣ್ಣದಿಂದ ಬಿಡುಗಡಿ ಆಕ್ಕೈತಿ. ಯುರೋಪಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ಪದ್ಧತಿ ಒಯ್ಯಲಿಲ್ಲ. ಅದನ್ನ ತಿಂದು ಬದುಕೋ ಬಡವರಿಗೆ ನಿಯಾಸಿನ್ ಕೊರತಿಯ ರೋಗ, ಪೆಲ್ಲಾಗ್ರಾ, ಬಂತು.

ಸಂತ್ಯಾಗ ಮಣ್ಣಿನ ಹಂಚಿನ ಮ್ಯಾಲೆ, ಅದಕ್ಕ ಕೊಮಾಲ್ ಅಂತಾರ, ಕೈಲೆ ತಟ್ಟಿದ್ದು ಬೇಯಾಕತ್ತಿದ್ರ ಅಲ್ಲೇ ಕುಂಡ್ರಿ. ನೀಲಿ, ಕೆಂಪು ಜೋಳದ್ದು ಕಂಡ್ರ ಬಣ್ಣ ಹಾಕ್ಯಾರ ಅಂತ ತಿಳೀಬ್ಯಾಡ್ರಿ, ಕಾಳಿನ ಬಣ್ಣನ ಅದು.

ಗುಡ್ಡೆಲೆಕ್ಕ

ಸೊಪ್ಪಿನ ಸಾಲಲ್ಲಿ ನಮಗೆ ಗುರುತು ಸಿಗೋದು ಬಹಳ. ವೆರ್ದೊಲಾಗಾಸ್ ಅಂದರೆ ದೊಡ್ಡಗೋಣಿ ಸೊಪ್ಪು. ಕಿಂತೊನೀಲ್ ದಂಟಿನ ಜಾತಿ. ಚಯೋತೆ ಸೀಮೆಬದನೆ, ಗ್ವಮೂಚಿಲ್ ಸೀಮೆಹುಣಸೆ. ಎರಡೂ ಆ ಕಡೆಯಿಂದಲೇ ನಮ್ಮಲ್ಲಿಗೆ ಬಂದು 'ಸೀಮೆ' ಅಂತ ಹೆಸರು ಪಡೆದವು. ನೊಪಾಲ್ ಪಾಪಸುಕಳ್ಳಿ, ತೂನಾ ಅದರ ಹಣ್ಣು. ಚಿಕೊಸಪೋತೆ ಅಂದರೆ ನಮ್ಮ ಚಿಕ್ಕು, ಹೆಸರು ಕೂಡ ಅಲ್ಲಿಯದೇ. ಅಲೆಗ್ರೀಯಾ ರಾಜಗಿರಿ ಚಿಕ್ಕಿ, ಬೆಲ್ಲದ ಬದಲು ಎಷ್ಟೋ ಸಲ ಜೇನು. ಆಗ್ವಾ ದೆ ಹಮಾಯ್ಕಾ ಪುಂಡಿ ಜಾತಿಯ ಕೆಂಪು ಹೂವಿನ ಪಾನಕ. ಮಳೆಗಾಲದಲ್ಲಿ ಕುಂಬಳ ಹೂ, ಅಣಬೆ, ವಿತ್ಲಕೋಚೆ (ಮೆಕ್ಕೆಜೋಳದ ತೆನೆಗೆ ಹತ್ತುವ ಕಪ್ಪು ಕಾಡಿಗೆ, ಅಲ್ಲಿ ಅದು ರೋಗವಲ್ಲ, ರುಚಿ) ಎಲ್ಲ ಕೆಸದೀಯಾ, ಅಂದರೆ ಮಡಚಿದ ಚೀಸ್ ರೊಟ್ಟಿ, ಒಳಗೆ ಸೇರುತ್ತವೆ. ಸಸ್ಯಾಹಾರಿಗೆ ಜುಲೈ ಒಳ್ಳೆ ಆಯ್ಕೆ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಶುಕ್ರ, ಶನಿ, ಭಾನು ಮೂರೂ ಸಂತೆಗೆ ಎತ್ತಿಟ್ಟೆವು. ಎರಡು ಪ್ರಶ್ನೆ ಉಳಿದಿವೆ. ಚಾಕೊಲೇಟ್ ಅಲ್ಲಿ ಗಿರಣಿಯಲ್ಲಿ ಬೀಸಿಸಿಕೊಳ್ಳಬಹುದು ಅಂತಾರೆ, ಅಳತೆ ಏನು? ಮೋಲೆ ಪೇಸ್ಟ್ ಊರಿಗೆ ತರುವುದು, ಕುದಿಸುವುದು ಹೇಗೆ?

ಕಡಗೋಲು

ಗಿರಣಿಗಳು ವೇಂತೆ ದೆ ನೊವಿಯೆಂಬ್ರೆ ಮಾರುಕಟ್ಟೆಯ ಪಕ್ಕದ ಮೀನಾ ಬೀದಿಯಲ್ಲಿ ಸಾಲಾಗಿವೆ, ವಾಸನೆ ಹಿಡಿದು ಹೋದರೆ ಸಾಕು. ಖಾರದಪುಡಿ ಮಾಡಿಸೋ ಲೆಕ್ಕವೇ: ಹುರಿದ ಕಕಾವೊ (ಕೋಕೊ ಬೀಜ), ಸಕ್ಕರೆ, ಚಕ್ಕೆ, ಬಾದಾಮಿ ನೀವು ಹೇಳಿದಷ್ಟು ತೂಗಿ ಬೀಸ್ತಾರೆ. 1 ಕಿಲೊ ಕಕಾವೊಗೆ 2 ಕಿಲೊ ಸಕ್ಕರೆ ಹಾಕಿದರೆ ಅಲ್ಲಿನವರ ಸಿಹಿ, 1 ಕಿಲೊ ಹಾಕಿದರೆ ಅರೆಕಹಿ. ಚಕ್ಕೆ 20-30 ಗ್ರಾಂ, ಬಾದಾಮಿ 100 ಗ್ರಾಂ. ಅರ್ಧ ಕಿಲೊ ಕಕಾವೊದಿಂದ ಶುರು ಮಾಡಿ. ಬರೋದು ಬೆಚ್ಚಗಿನ ಮುದ್ದೆ, ರೂಮಿಗೆ ಒಯ್ದ ತಕ್ಷಣ ತಟ್ಟೆಯಲ್ಲಿ ಹರಡಿ ಬಿಲ್ಲೆ ಮಾಡಿ. ಚೀಲದಲ್ಲೇ ಬಿಟ್ಟರೆ ಮರುದಿನ ಸುತ್ತಿಗೆ ಬೇಕು. ಇದು ಕಚ್ಚಿ ತಿನ್ನುವ ಚಾಕೊಲೇಟ್ ಅಲ್ಲ, ತರಿತರಿ ಇರುತ್ತೆ. ಬಿಸಿ ನೀರು ಅಥವಾ ಹಾಲಿಗೆ ಹಾಕಿ ಮೊಲಿನೀಯೊದಲ್ಲಿ ನೊರೆ ಬರಿಸಬೇಕು. ಎರಡು ಅಂಗೈ ನಡುವೆ ತಿರುಗಿಸುವ ಮರದ ಕಡಗೋಲು ಅದು. ಜೊತೆಗೆ ಪಾನ್ ದೆ ಯೇಮಾ ಬ್ರೆಡ್ಡು, ಮೊಟ್ಟೆ ಹಳದಿ ಹಾಕಿದ್ದು, ಅದ್ದಿ ತಿನ್ನೋಕೆ.

ಅಲ್ಲೇ ತೆಹಾತೆ ಕುಡಿಯಿರಿ. ಬೂದಿ ನೀರಲ್ಲಿ ಬೇಯಿಸಿದ ಮೆಕ್ಕೆಜೋಳ, ಕಕಾವೊ, ಮಮೇ ಹಣ್ಣಿನ ಬೀಜ, ಕಕಾವೊ ಹೂ ಅಂತ ಕರೆಯುವ ಬೇರೊಂದು ಮರದ ಹೂ, ಇವನ್ನ ಅರೆದು ಕೈಯಲ್ಲೇ ನೀರಿಗೆ ಕಲಸಿ ಬೆಳ್ಳನೆ ನೊರೆ ಎಬ್ಬಿಸ್ತಾರೆ. ಕೊಬ್ಬು, ಸಾರು, ಹಾಲು ಏನೂ ಇಲ್ಲ. ನೊರೆ ಕಂಡು ಹಾಲು ಒಡೆದಿದೆ ಅಂತ ಬಿಡಬೇಡಿ.

ಮೋಲೆ ಪೇಸ್ಟ್: 100 ಗ್ರಾಂಗೆ 250-300 ಮಿಲಿ ತರಕಾರಿ ಬೇಯಿಸಿದ ನೀರು. ಎರಡು ಚಮಚ ಎಣ್ಣೆಯಲ್ಲಿ ಪೇಸ್ಟನ್ನ 5 ನಿಮಿಷ ಒಡೆಯುತ್ತಾ ಹುರಿಯಿರಿ, ಅರೆದ ಟೊಮ್ಯಾಟೊ ಒಂದು ಸೇರಿಸಿ, ನೀರನ್ನ ಸ್ವಲ್ಪ ಸ್ವಲ್ಪವೇ ಹಾಕಿ. ಒಟ್ಟಿಗೆ ಸುರಿದರೆ ಗಂಟು. ಸಣ್ಣ ಉರಿಯಲ್ಲಿ 20-30 ನಿಮಿಷ, ಸೌಟು ಬಿಡಬಾರದು, ಸಕ್ಕರೆ ಚಾಕೊಲೇಟ್ ಎರಡೂ ಇರೋದರಿಂದ ತಳ ಹಿಡಿದರೆ ಇಡೀ ಪಾತ್ರೆ ಕಹಿ. ಎಣ್ಣೆ ಮೇಲೆ ತೇಲಿದರೆ ಆಯಿತು. ನೇಗ್ರೊದಲ್ಲಿ ಮೊದಲೇ ಒಂದು ಸುಟ್ಟ ರುಚಿ ಇರುತ್ತೆ, ಮೆಣಸಿನಕಾಯಿ ಬೀಜವನ್ನ ಬೇಕೆಂದೇ ಕರಿ ಮಾಡಿ ನೀರಲ್ಲಿ ನೆನೆಸಿ ಹಾಕಿರ್ತಾರೆ, ಅದು ತಪ್ಪಲ್ಲ. ಅಸಲಿ ನೇಗ್ರೊಗೆ ಬೇಕಾದ ಚಿಲ್ವಾಕ್ಲೆ ಮೆಣಸಿನಕಾಯಿ ದುಬಾರಿ, ಅಗ್ಗದ ಪೇಸ್ಟಿನಲ್ಲಿ ಬೇರೆ ಮೆಣಸಿನಕಾಯಿ ಇರುತ್ತೆ. ಒಣ ಮೆಣಸಿನಕಾಯಿ ಕೊಳ್ಳೋದಾದರೆ ಪಸೀಯಾ ಮಿಹೆ ತನ್ನಿ, ಹೊಗೆಯಲ್ಲಿ ಒಣಗಿಸಿದ್ದು, ನಮ್ಮಲ್ಲಿ ಅದಕ್ಕೆ ಸಾಟಿಯಿಲ್ಲ. ಗ್ವಹೀಯೊ ಬೇಡ, ಬಣ್ಣ ಹೆಚ್ಚು ಖಾರ ಕಡಿಮೆ ಅನ್ನೋ ಕೆಲಸಕ್ಕೆ ಬ್ಯಾಡಗಿ ಮನೆಯಲ್ಲೇ ಇದೆ.

ಪೇಸ್ಟ್ ವಿಮಾನದ ತಪಾಸಣೆಯಲ್ಲಿ ದ್ರವದ ಲೆಕ್ಕ, 100 ಮಿಲಿ ಮೀರಿದರೆ ಕೈಚೀಲದಿಂದ ಕಸದ ಬುಟ್ಟಿಗೆ. ಎರಡು ಪದರದ ಜಿಪ್ ಚೀಲದಲ್ಲಿ ಕಟ್ಟಿ ಚೆಕ್‌ಇನ್ ಸೂಟ್‌ಕೇಸಿಗೆ ಹಾಕಿ. ಅಮೆರಿಕದ ಮೂಲಕ ಹಾರುವುದಾದರೆ ಅಲ್ಲಿ ಘೋಷಿಸಿ. ಹಂದಿ ಕೊಬ್ಬಿನದ್ದಾದರೆ ಕಿತ್ತುಕೊಳ್ಳಬಹುದು. ಹಸಿರು ಹೊಳಪಿನ ಮಣ್ಣಿನ ಪಾತ್ರೆ ಕೊಳ್ಳುವಾಗ 'ಸಿನ್ ಪ್ಲೋಮೊ', ಅಂದರೆ ಸೀಸ ಇಲ್ಲದ್ದು, ಅಂತ ಕೇಳಿ. ಹಳೆ ಪದ್ಧತಿಯ ಹೊಳಪಿನಲ್ಲಿ ಸೀಸ ಇರುತ್ತೆ, ಹುಣಸೆ ಹುಳಿಯಿಟ್ಟರೆ ಬಿಟ್ಟುಕೊಳ್ಳುತ್ತೆ.

ಗುಡ್ಡೆಲೆಕ್ಕ

ಹೊಟ್ಟೆ ಪ್ರಶ್ನೆ ಹಾಗೇ ಉಳಿದಿತ್ತು. ಕಾವಲಿಯಿಂದ ನೇರ ಕೈಗೆ ಬಂದದ್ದರಿಂದ ಕೆಡುವುದು ಕಡಿಮೆ. ಕೆಡಿಸೋದು ಬೆಳಿಗ್ಗೆಯಿಂದ ಮೇಜಿನ ಮೇಲೆ ತೆರೆದಿಟ್ಟ ಹಸಿ ಸಾಲ್ಸಾ, ಹೆಚ್ಚಿಟ್ಟ ಕೊತ್ತಂಬರಿ ಈರುಳ್ಳಿ, ಎಲೆಕೋಸು. ಮಧ್ಯಾಹ್ನ 2ರಿಂದ 4 ಅಲ್ಲಿನವರ ದೊಡ್ಡ ಊಟದ ಹೊತ್ತು, ಆಗ ಪಾತ್ರೆ ಖಾಲಿಯಾಗಿ ಹೊಸದು ಬರ್ತಾ ಇರುತ್ತೆ. 5ರ ಮೇಲೆ ಉಳಿದದ್ದಕ್ಕೆ ಕೈ ಹಾಕಬೇಡಿ. ಪಾನಕಕ್ಕೆ ನೀರು ಗರಫೋನ್, ಅಂದರೆ 20 ಲೀಟರ್ ಕ್ಯಾನಿನದ್ದಾ ಅಂತ ಕೇಳಿ. ನಡುವೆ ತೂತಿರುವ ದುಂಡು ಐಸು ಕಾರ್ಖಾನೆಯದ್ದು, ಗಟ್ಟಿ ಹಲಗೆ ಒಡೆದು ಹಾಕಿದ್ದಾದರೆ ಬಿಡಿ. ಕೆಟ್ಟೇ ಹೋದರೆ ಔಷಧಿ ಅಂಗಡಿಯಲ್ಲಿ 'ಸ್ವೇರೊ ಓರಾಲ್' ಅನ್ನಿ, ಓಆರ್‌ಎಸ್ ಪುಡಿ ಕೊಡ್ತಾರೆ.